ಸೈನಿಕನ ಜಾಕೆಟ್ಟು, ನಮ್ಮ ಹೆಗಲು



ಕಳೆದ ಡಿಸೆಂಬರಿನಲ್ಲಿ ನಮ್ಮ ಮುಂಬಯಿಯ ಸಂಘದ ವಾರ್ಷಿಕೋತ್ಸವಕ್ಕೆ ಬಂದವರಲ್ಲಿ ಕೆಲವರಾದರೂ ಈ ಪ್ರಸಂಗವನ್ನು ಕಂಡಿರುತ್ತೀರಿ. ನಾಟಕ ಶುರುವಾಗಲು ಇನ್ನೂ ಹೊತ್ತಿತ್ತು. ಸಭಾಗೃಹದ ಹೊರಗೆ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ಎಲ್ಲರೂ ಹರಟುತ್ತಿದ್ದೆವು. ಆಗ ಕಾಲೇಜಿಗೆ ಹೋಗುವ ನಮ್ಮ ಹುಡುಗನೊಬ್ಬ ಬಂದ. ಮೈಮೇಲೆ ಹಸಿರು ಬಣ್ಣದ ಮಿಲಿಟರಿ ಜಾಕೆಟ್ಟು. ನಾಲ್ಕು ಜೇಬು, ಎತ್ತಿದ ಕಾಲರು, ಹೆಗಲಪಟ್ಟಿಯ ಮೇಲೆ ಎರಡೂ ಕಡೆ ಮೂರು ಮೂರು ಹಿತ್ತಾಳೆ ನಕ್ಷತ್ರ. ನೋಡಲು ಲಕ್ಷಣವಾಗಿಯೇ ಇದ್ದ, ಅದರಲ್ಲಿ ಎರಡು ಮಾತಿಲ್ಲ.

ಮೂಲೆಯ ಕುರ್ಚಿಯಲ್ಲಿ ಬೆಳಗಾವಿ ಕಡೆಯ ಹಿರಿಯರೊಬ್ಬರು ಕುಳಿತಿದ್ದರು. ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇಪ್ಪತ್ತಾರು ವರ್ಷ ದುಡಿದು ಸುಬೇದಾರರಾಗಿ ನಿವೃತ್ತರಾದವರು. ಮಗನ ಮನೆಯಲ್ಲಿರಲು ಈ ಊರಿಗೆ ಬಂದಿದ್ದಾರೆ. ಹುಡುಗ ಹತ್ತಿರ ಬರುತ್ತಿದ್ದಂತೆ ಅವರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಎದ್ದು ನಿಂತರು! ಮೂರು ನಕ್ಷತ್ರವೆಂದರೆ ಕ್ಯಾಪ್ಟನ್. ಸುಬೇದಾರನಿಗಿಂತ ಮೇಲಿನ ಅಧಿಕಾರಿ. ವಯಸ್ಸು ಎಪ್ಪತ್ತು ದಾಟಿದ್ದರೂ ಕಾಲುಗಳಿಗೆ ಆ ಅಭ್ಯಾಸ ಹೋಗಿರಲಿಲ್ಲ.

"ಸಾಹೇಬ್ರ, ಯಾವ ಪಲ್ಟನ್ನಿನವ್ರು ನೀವು?" ಎಂದು ಕೇಳಿದರು.

ಹುಡುಗ ಗಲಿಬಿಲಿಯಾಗಿ, "ಇಲ್ಲ ಅಂಕಲ್, ನಾನು ಎರಡನೇ ವರ್ಷದ ಬಿ.ಕಾಂ. ಇದು ರಸ್ತೆಯ ಅಂಗಡಿಯಲ್ಲಿ ತಗೊಂಡಿದ್ದು" ಎಂದ. ಹಿರಿಯರು ನಕ್ಕರು. ಬೈಯಲಿಲ್ಲ. ಆದರೆ ಮತ್ತೆ ಕುಳಿತುಕೊಳ್ಳುವಾಗ ಅವರ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಹುಡುಗನೂ ನೋಡಿದ. ನಾಟಕ ಮುಗಿಯುವ ತನಕ ಅವನು ಆ ಜಾಕೆಟ್ಟನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದ.

ಈ ಲೇಖನ ಆ ಹುಡುಗನಿಗಾಗಿ, ಅವನಂಥ ನಿಮ್ಮೆಲ್ಲರಿಗಾಗಿ. "ಇಂಥ ಜಾಕೆಟ್ಟು ಹಾಕಲೇಬೇಡಿ" ಎಂದು ಉಪದೇಶ ಮಾಡಲು ನಾನು ಕುಳಿತಿಲ್ಲ. ಹಾಕಿ, ಚೆನ್ನಾಗಿ ಹಾಕಿ. ಆದರೆ ಏನನ್ನು ಹಾಕಿಕೊಳ್ಳುತ್ತಿದ್ದೇವೆ ಎಂದು ತಿಳಿದು ಹಾಕಿ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಮಾತು ನಿಮಗೂ ಗೊತ್ತು. ಆ 'ಪರರು' ಯಾರು ಎನ್ನುವುದನ್ನು ಮಾತ್ರ ಸ್ವಲ್ಪ ಯೋಚಿಸೋಣ.

ನಿಮ್ಮ ಕಪಾಟಿನಲ್ಲೇ ಅರ್ಧ ಪಲ್ಟನ್ನು

ಮಿಲಿಟರಿ ಬಟ್ಟೆ ನಮಗೆ ಹೊಸದೇನಲ್ಲ. ನಿಮ್ಮ ಕಪಾಟು ತೆರೆದು ನೋಡಿ. ಮುಂಭಾಗಕ್ಕೆ ಗುಂಡಿಯಿರುವ ಕಾರ್ಡಿಗನ್ ಸ್ವೆಟರಿಗೆ ಹೆಸರು ಬಂದದ್ದು 1854ರ ಕ್ರಿಮಿಯಾ ಯುದ್ಧದಲ್ಲಿ ಅಶ್ವದಳ ನಡೆಸಿದ ಲಾರ್ಡ್ ಕಾರ್ಡಿಗನ್‌ನಿಂದ. ದಿನವೂ ತೊಡುವ ಟೀ ಶರ್ಟು ಮೊದಲು ಅಮೆರಿಕದ ನೌಕಾದಳದವರು ಒಳಗೆ ಹಾಕುತ್ತಿದ್ದ ಬನಿಯನ್ನು. ಟ್ರೆಂಚ್ ಕೋಟಿನ ಹೆಸರೇ ಹೇಳುವಂತೆ ಅದು 1914-18ರ ಮಹಾಯುದ್ಧದ ಕಂದಕಗಳಿಂದ ಬಂದದ್ದು. ನೀವು ಮೆಚ್ಚುವ ಡೆಸರ್ಟ್ ಬೂಟನ್ನು ಇಂಗ್ಲೆಂಡಿನ ಕ್ಲಾರ್ಕ್ಸ್ ಕಂಪನಿ 1950ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಮಾದರಿ ಸಿಕ್ಕಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾಧಿಕಾರಿಗಳು ಹಾಕುತ್ತಿದ್ದ ಬೂಟಿನಲ್ಲಿ.

ಖಾಕಿಯ ಕತೆಯಲ್ಲಿ ನಮ್ಮ ನೆಲದ ಪಾಲೂ ಇದೆ. 'ಖಾಕ್' ಎಂದರೆ ಧೂಳು, ಮಣ್ಣು. 1846ರಲ್ಲಿ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ 'ಗೈಡ್ಸ್' ದಳದವರು ಕೆಂಪು ಕೋಟು ಬಿಟ್ಟು ಮಣ್ಣಿನ ಬಣ್ಣದ ಬಟ್ಟೆ ತೊಟ್ಟರು. ಬಂಡೆ, ಧೂಳಿನ ನಡುವೆ ಕೆಂಪು ಕೋಟು ದೂರದಿಂದಲೇ ಕಾಣುತ್ತಿತ್ತು. ಮಣ್ಣಿನ ಬಣ್ಣ ಕಾಣುತ್ತಿರಲಿಲ್ಲ. ಕೆಲವೇ ವರ್ಷಗಳ ನಂತರ, 1851ರಲ್ಲಿ, ಬಾಸೆಲ್ ಮಿಶನ್ನಿನ ಜಾನ್ ಹಾಲರ್ ಎಂಬವರು ಮಂಗಳೂರಿಗೆ ಬಂದು ನೇಯ್ಗೆಯ ಕಾರ್ಖಾನೆಯನ್ನು ವಹಿಸಿಕೊಂಡರು. ಹೊಸ ಬಗೆಯ ಮಗ್ಗಗಳನ್ನು ಹಾಕಿಸಿದರು, ಬಣ್ಣ ಹಾಕುವ ಕೆಲಸವನ್ನು ಬೆಳೆಸಿದರು. ಖಾಕಿ ಬಣ್ಣವನ್ನು ಕಂಡುಹಿಡಿದವರು ಅವರೇ ಎಂದು ಮಂಗಳೂರಿನ ಕಡೆಯವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಿಮ್ಮ ಕಾಲೇಜಿನ ಗೆಳೆಯರು "ಈ ಫ್ಯಾಷನ್ನೆಲ್ಲ ಅಮೆರಿಕದ್ದು" ಎಂದರೆ ಮಂಗಳೂರಿನ ಮಗ್ಗದ ಮಾತನ್ನೂ ಒಮ್ಮೆ ಎತ್ತಿ.

ಸೇನೆಯ ಬಟ್ಟೆಯಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ಬಹಳ ಕಡಿಮೆ. ಪ್ರತಿಯೊಂದು ಹೊಲಿಗೆಗೂ ಒಂದು ಕೆಲಸವಿದೆ. ಅದು ತಿಳಿದರೆ ಯಾವುದನ್ನು ಕೊಳ್ಳಬೇಕು, ಹೇಗೆ ತೊಡಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಯಾವ ಜಾಕೆಟ್ಟು?

ಅಂಗಡಿಗಳಲ್ಲಿ 'ಮಿಲಿಟರಿ ಜಾಕೆಟ್' ಎಂದು ತೂಗುಹಾಕಿರುವುದು ಬಹುಮಟ್ಟಿಗೆ ಮೂರು ಬಗೆಯವು.

ಮೊದಲನೆಯದು ಫೀಲ್ಡ್ ಜಾಕೆಟ್. ಇದರ ಹಿರಿಯಣ್ಣ ಅಮೆರಿಕದ ಸೇನೆ 1965ರಲ್ಲಿ ತಂದ 'ಎಂ-65'. ಎದೆಯ ಮೇಲೆರಡು, ಕೆಳಗೆರಡು ದೊಡ್ಡ ಜೇಬು. ಕಾಲರಿನೊಳಗೆ ಸುರುಳಿ ಸುತ್ತಿಟ್ಟ ತೆಳ್ಳನೆಯ ಟೋಪಿ, ಅದಕ್ಕೊಂದು ಜಿಪ್ಪು. ಸೊಂಟದಲ್ಲಿ ಬಿಗಿಮಾಡಲು ಒಳಗಡೆ ಲಾಡಿ. ಚಳಿ ಹೆಚ್ಚಾದರೆ ಒಳಗೆ ಗುಂಡಿ ಹಾಕಿ ಕೂಡಿಸಿಕೊಳ್ಳಲು ಬೇರೆಯೇ ಒಂದು ಬೆಚ್ಚನೆಯ ಅಸ್ತರು. ವಿಯೆಟ್ನಾಂ ಯುದ್ಧದ ಸೈನಿಕರು ಇದನ್ನು ತೊಟ್ಟರು. ಊರಿಗೆ ಮರಳಿದ ಮೇಲೆ ಅವರಲ್ಲೇ ಅನೇಕರು ತಮ್ಮ ಸೇನೆಯ ಬಟ್ಟೆಯಲ್ಲೇ ಆ ಯುದ್ಧವನ್ನು ವಿರೋಧಿಸಿ ಬೀದಿಗಿಳಿದರು. 1976ರ 'ಟ್ಯಾಕ್ಸಿ ಡ್ರೈವರ್' ಚಿತ್ರದಲ್ಲಿ ರಾಬರ್ಟ್ ಡಿ ನೀರೋ ತೊಟ್ಟದ್ದೂ ಇದನ್ನೇ. ಹೀಗೆ ಬ್ಯಾರಕ್ಕಿನಿಂದ ಬೀದಿಗೆ, ಬೀದಿಯಿಂದ ಬೆಳ್ಳಿತೆರೆಗೆ, ಅಲ್ಲಿಂದ ನಮ್ಮ ನಿಮ್ಮ ಹೆಗಲಿಗೆ ಬಂತು.

ಎರಡನೆಯದು ಬಾಂಬರ್ ಜಾಕೆಟ್. ಮೋಟು ಉದ್ದ, ಕುತ್ತಿಗೆ, ಮಣಿಕಟ್ಟು, ಸೊಂಟಕ್ಕೆ ಹೆಣೆದ ಪಟ್ಟಿ. ಇದರ ಪ್ರಸಿದ್ಧ ರೂಪ 'ಎಂಎ-1' 1950ರ ದಶಕದ ಜೆಟ್ ವಿಮಾನ ಚಾಲಕರದು. ಜೆಟ್ ಬಂದು ವಿಮಾನಗಳು ಬಹಳ ಎತ್ತರಕ್ಕೆ ಹಾರತೊಡಗಿದಾಗ ಒದ್ದೆಯಾದ ಚರ್ಮದ ಜಾಕೆಟ್ಟು ಅಲ್ಲಿನ ಚಳಿಗೆ ಮರಗಟ್ಟುತ್ತಿತ್ತು. ಅದಕ್ಕೇ ನೈಲಾನು ಬಂತು. ದೊಡ್ಡ ಕಾಲರು ಪ್ಯಾರಾಚೂಟಿನ ಪಟ್ಟಿಗೆ ಅಡ್ಡವಾಗುತ್ತದೆಂದು ಹೆಣೆದ ಪಟ್ಟಿ ಬಂತು. ಮುಂದೆ ಅದಕ್ಕೆ ಕಿತ್ತಳೆ ಬಣ್ಣದ ಅಸ್ತರು ಕೂಡಿತು. ವಿಮಾನ ಬಿದ್ದರೆ ಚಾಲಕ ಜಾಕೆಟ್ಟನ್ನು ತಿರುಗಿಸಿ ತೊಟ್ಟುಕೊಂಡರೆ ಹುಡುಕುವವರ ಕಣ್ಣಿಗೆ ಬೇಗ ಬೀಳಲಿ ಎಂದು. ಜಿಪ್ಪು ಬಿಟ್ಟಾಗ ಇಣುಕುವ ಆ ಕಿತ್ತಳೆ ಬಣ್ಣ ನಿಮಗೆ ಬರೀ ಚೆಂದ. ಅವರಿಗೆ ಜೀವ ಉಳಿಸುವ ಗುರುತಾಗಿತ್ತು.

ಮೂರನೆಯದು ಶರಟಿನಂಥ ಜಾಕೆಟ್ಟು. ಅಮೆರಿಕದ ಸೈನಿಕರು ದಿನದ ಕೆಲಸಕ್ಕೆ ತೊಡುತ್ತಿದ್ದ ದಪ್ಪ ಹತ್ತಿಯ ಹಸಿರು ಶರಟೇ ಇದರ ಮೂಲ. ಅಸ್ತರಿಲ್ಲ, ಎದೆಯ ಮೇಲೆ ಎರಡು ಜೇಬು, ಅಷ್ಟೆ. ಹಾಡುಗಾರ ಜಾನ್ ಲೆನನ್ 1972ರಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಇಂಥದ್ದನ್ನು ತೊಟ್ಟು ಹಾಡಿದ. ನಮ್ಮ ಸೆಕೆಯ ಊರುಗಳಿಗೆ ಮೂರರಲ್ಲಿ ಹೆಚ್ಚು ಹೊಂದುವುದು ಇದೇ. ಮೊದಲ ಸಲ ಕೊಳ್ಳುವವರು ಇದರಿಂದಲೇ ಆರಂಭಿಸಿ ಎಂಬುದು ನನ್ನ ಸಲಹೆ.

ಅಳತೆ ಮೊದಲು, ಅಂದ ಆಮೇಲೆ

ಸೇನೆಯ ಜಾಕೆಟ್ಟು ಸಡಿಲವಾಗಿಯೇ ಹೊಲಿದದ್ದು. ಒಳಗೆ ಶರಟು, ಸ್ವೆಟರು, ಅಸ್ತರು ಎಲ್ಲ ಸೇರಬೇಕಲ್ಲ! ನಾವು ಒಳಗೆ ಒಂದು ಟೀ ಶರ್ಟು ಹಾಕಿ ಅದನ್ನೇ ತೊಟ್ಟರೆ ಅಪ್ಪನ ಕೋಟನ್ನು ಮಗ ಹಾಕಿಕೊಂಡಂತೆ ಕಾಣುತ್ತದೆ. ಆದ್ದರಿಂದ ನಿಜವಾದ ಸೇನಾ ಮಾದರಿ ಸಿಕ್ಕರೆ ನಿಮ್ಮ ಎಂದಿನ ಅಳತೆಗಿಂತ ಒಂದು ಕಡಿಮೆಯದನ್ನು ಹಾಕಿ ನೋಡಿ. ಅಮೆರಿಕದ ಪಟ್ಟಿಯ ಮೇಲೆ 'ಮೀಡಿಯಂ-ರೆಗ್ಯುಲರ್' ಎಂದಿದ್ದರೆ ಮೊದಲ ಮಾತು ಎದೆಯ ಸುತ್ತಳತೆಗೆ, ಎರಡನೆಯದು ಎತ್ತರಕ್ಕೆ. ನಮ್ಮ ಎತ್ತರದ ಬಹಳ ಮಂದಿಗೆ 'ಶಾರ್ಟ್' ಎಂದಿರುವುದೇ ಸರಿಹೋಗುತ್ತದೆ. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ಕನ್ನಡಿಯ ಮುಂದೆ ನಿಂತು ಮೂರು ಕಡೆ ನೋಡಿ. ಒಂದು, ಹೆಗಲು. ತೋಳಿನ ಹೊಲಿಗೆ ನಿಮ್ಮ ಹೆಗಲಿನ ಮೂಳೆ ಮುಗಿಯುವಲ್ಲಿ ಕೂರಬೇಕು. ಅಲ್ಲಿಂದ ಒಂದೆರಡು ಬೆರಳು ಇಳಿದರೆ ಸಹಿಸಬಹುದು, ಅದಕ್ಕಿಂತ ಹೆಚ್ಚಾದರೆ ಬಿಟ್ಟುಬಿಡಿ. ಎರಡು, ತೋಳು. ಕೈ ಇಳಿಬಿಟ್ಟಾಗ ಅಂಚು ಮಣಿಕಟ್ಟಿನ ಗಂಟಿನ ಹತ್ತಿರ ನಿಲ್ಲಬೇಕು. ಮೂರು, ಉದ್ದ. ಫೀಲ್ಡ್ ಜಾಕೆಟ್ಟು ಪೃಷ್ಠವನ್ನು ಮುಚ್ಚಬೇಕು, ತೊಡೆಯ ಅರ್ಧಕ್ಕೆ ಬರಬಾರದು. ಬಾಂಬರು ಬೆಲ್ಟಿನ ಬಳಿ ನಿಲ್ಲಬೇಕು. ಎದೆಯಲ್ಲಿ ನಿಮ್ಮ ಮೈಯ ಅಳತೆಗಿಂತ ನಾಲ್ಕರಿಂದ ಆರು ಇಂಚು ಹೆಚ್ಚಿದ್ದರೆ ಸಾಕು. ಮೊಬೈಲಿನಲ್ಲಿ ಚಿತ್ರ ನೋಡಿ ತರಿಸುವವರು, ನಿಮಗೆ ಚೆನ್ನಾಗಿ ಕೂರುವ ಒಂದು ಜಾಕೆಟ್ಟನ್ನು ನೆಲದ ಮೇಲೆ ಹಾಸಿ ಟೇಪು ಹಿಡಿದು ಅಳೆಯಿರಿ. ಆ ಅಳತೆಯನ್ನು ಹೊಂದಿಸಿ ನೋಡಿ ತರಿಸಿ. 'ಎಲ್', 'ಎಕ್ಸೆಲ್' ಎಂಬ ಅಕ್ಷರಗಳನ್ನು ನಂಬಬೇಡಿ.

ತೋಳು ಮೋಟು ಮಾಡುವುದು, ಪಕ್ಕದ ಹೊಲಿಗೆ ಒಳಗೆ ಹಿಡಿಯುವುದು ನಿಮ್ಮ ಬಡಾವಣೆಯ ದರ್ಜಿ ಮಾಡಿಕೊಡುತ್ತಾನೆ. ಆದರೆ ಹೆಗಲನ್ನು ಬಿಚ್ಚಿ ಹೊಲಿಯುವುದು ದೊಡ್ಡ ಕೆಲಸ. ಹೆಗಲು ಸರಿಯಿಲ್ಲದ ಜಾಕೆಟ್ಟು ಎಷ್ಟೇ ಅಗ್ಗವಾದರೂ ಕೊನೆಗೆ ದುಬಾರಿಯೇ.

ಒಂದು ಮೈಗೆ ಒಂದೇ ಸೈನಿಕ ವಸ್ತು

ಇಡೀ ಲೇಖನದಲ್ಲಿ ಒಂದು ಸೂತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಜಾಕೆಟ್ಟು ಮಿಲಿಟರಿಯದಾದರೆ ಪ್ಯಾಂಟು, ಬೂಟು, ಟೋಪಿ ಮಿಲಿಟರಿಯವಾಗುವುದು ಬೇಡ. ಹಸಿರು ಜಾಕೆಟ್ಟಿಗೆ ಆರು ಜೇಬಿನ ಹಸಿರು ಪ್ಯಾಂಟು, ಅದಕ್ಕೆ ಎತ್ತರದ ಕಪ್ಪು ಬೂಟು ಸೇರಿದರೆ ಅದು ಉಡುಪಾಗಿ ಉಳಿಯುವುದಿಲ್ಲ, ವೇಷವಾಗುತ್ತದೆ. ಯಕ್ಷಗಾನದಲ್ಲಿ ವೇಷಕ್ಕೆ ಬೆಲೆಯಿದೆ, ದಾದರ್ ಸ್ಟೇಷನ್ನಿನಲ್ಲಿ ಇಲ್ಲ.

ಬಣ್ಣದ ವಿಷಯದಲ್ಲಿ ನಾವು ಅದೃಷ್ಟವಂತರು. ಕಂದು ಛಾಯೆಯ ನಮ್ಮ ಮೈಬಣ್ಣಕ್ಕೆ ಆಲಿವ್ ಹಸಿರು ಬಹಳ ಚೆನ್ನಾಗಿ ಒಪ್ಪುತ್ತದೆ. ಅದರ ಜೊತೆಗೆ ಬಿಳಿ, ಕೆನೆ, ಬೂದು, ಕಡುನೀಲಿ ಹೊಂದುತ್ತವೆ. ಕಡುಗೆಂಪು ಸ್ವಲ್ಪವೇ ಇದ್ದರೆ ಚೆಂದ. ಗಿಳಿಹಸಿರು, ಹೊಳೆಯುವ ಹಳದಿ ದೂರವಿಡಿ. ಈಗ ಕೆಲವು ಜೋಡಣೆಗಳನ್ನು ಹೇಳುತ್ತೇನೆ.

ಕಾಲೇಜಿಗೆ: ಬಿಳಿ ಅಥವಾ ಬೂದು ಬಣ್ಣದ ಸಾದಾ ಟೀ ಶರ್ಟು, ಕಡುನೀಲಿ ಜೀನ್ಸು, ಬಿಳಿಯ ಕ್ಯಾನ್‌ವಾಸ್ ಶೂ. ಫೀಲ್ಡ್ ಜಾಕೆಟ್ಟಿನ ಜಿಪ್ಪು ಬಿಟ್ಟಿರಲಿ. ಟೀ ಶರ್ಟಿನ ಮೇಲೆ ದೊಡ್ಡ ಬರಹ ಬೇಡ. ಜಾಕೆಟ್ಟಿನ ಮೇಲೆ ನಾಲ್ಕು ಜೇಬುಗಳು ಆಗಲೇ ಬೇಕಾದಷ್ಟು ಮಾತಾಡುತ್ತಿವೆ.

ಆಫೀಸಿಗೆ: ಟೈ ಕಡ್ಡಾಯವಲ್ಲದ ಕಡೆ ಶರಟಿನಂಥ ಜಾಕೆಟ್ಟನ್ನು ತಿಳಿನೀಲಿ ಶರಟಿನ ಮೇಲೆ ತೊಡಬಹುದು. ಬೂದು ಬಣ್ಣದ ಇಸ್ತ್ರಿ ಮಾಡಿದ ಪ್ಯಾಂಟು, ಕಂದು ಚರ್ಮದ ಬೂಟು, ಅದೇ ಬಣ್ಣದ ಬೆಲ್ಟು. ಒಳಗಿನ ಶರಟು ಪ್ಯಾಂಟಿನೊಳಗೆ ಸೇರಿರಲಿ. ಜಾಕೆಟ್ಟು ಸಡಿಲವಾಗಿರುವುದರಿಂದ ಉಳಿದದ್ದೆಲ್ಲ ಅಚ್ಚುಕಟ್ಟಾಗಿದ್ದರೆ ಮಾತ್ರ ಗೌರವವಾಗಿ ಕಾಣುತ್ತದೆ. ಇಂಟರ್‌ವ್ಯೂಗೆ ಮಾತ್ರ ಇದು ಬೇಡ.

ಸಂಘದ ಸಮಾರಂಭಕ್ಕೆ: ಬಿಳಿ ಖಾದಿಯ ಕುರ್ತಾ, ಜೀನ್ಸು, ಕೊಲ್ಹಾಪುರಿ ಚಪ್ಪಲಿ, ಮೇಲೆ ತೆಳುವಾದ ಫೀಲ್ಡ್ ಜಾಕೆಟ್ಟು. ಕುರ್ತಾದ ಅಂಚು ಜಾಕೆಟ್ಟಿಗಿಂತ ನಾಲ್ಕೈದು ಬೆರಳು ಕೆಳಗಿರಲಿ. "ಇದೆಂಥ ಬೆರಕೆ!" ಎನ್ನುವ ಮಾವನೋ ಚಿಕ್ಕಪ್ಪನೋ ಇದ್ದೇ ಇರುತ್ತಾರೆ. ಮಲೆನಾಡಿನ ಚಳಿಯಲ್ಲಿ ಕಚ್ಚೆಪಂಚೆಯ ಮೇಲೆ ಉಣ್ಣೆಯ ಕೋಟು ತೊಟ್ಟ ಅಜ್ಜನ ಫೋಟೋ ಅವರ ಮನೆಯ ಗೋಡೆಯ ಮೇಲೆಯೇ ಇರಬಹುದು, ತೋರಿಸಿ.

ಸಂಜೆಯ ತಿರುಗಾಟಕ್ಕೆ: ಕಪ್ಪು ಅಥವಾ ಕಡುನೀಲಿ ಬಾಂಬರು, ಬೂದು ಟೀ ಶರ್ಟು, ಕಪ್ಪು ಪ್ಯಾಂಟು. ಬಾಂಬರಿನ ಕೆಳಗಿನಿಂದ ಒಳಗಿನ ಶರಟು ಲಂಗದಂತೆ ಇಣುಕಬಾರದು.

ಊರಿಗೆ ಹೋಗುವ ರಾತ್ರಿ ಬಸ್ಸಿಗೆ: ಎ.ಸಿ. ಬಸ್ಸಿನ ಚಳಿಗೂ ನಡುರಾತ್ರಿ ಢಾಬಾದಲ್ಲಿ ಇಳಿದಾಗಿನ ಗಾಳಿಗೂ ಫೀಲ್ಡ್ ಜಾಕೆಟ್ಟಿಗೆ ಸಮನಾದದ್ದಿಲ್ಲ. ಒಳಗೆ ತೆಳ್ಳನೆಯ ಸ್ವೆಟರು ಸೇರಿಸಿ. ನೀರಿನ ಬಾಟಲಿ, ಕನ್ನಡಕ, ಅಮ್ಮ ಕಟ್ಟಿಕೊಟ್ಟ ಚಕ್ಕುಲಿಯ ಪೊಟ್ಟಣ ಎಲ್ಲಕ್ಕೂ ಜಾಗವಿದೆ. ಆದರೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಕೆಳಗಿನ ಹೊರಜೇಬಿನಲ್ಲಿ ಪಾಕೀಟು ಇಡಬೇಡಿ. ದೊಡ್ಡ ಜೇಬು ನಿಮಗೆ ಎಷ್ಟು ಅನುಕೂಲವೋ ಕಿಸೆಗಳ್ಳನಿಗೂ ಅಷ್ಟೇ ಅನುಕೂಲ.

ಅಕ್ಕತಂಗಿಯರು ಇದೇ ಜಾಕೆಟ್ಟನ್ನು ಸಲ್ವಾರಿನ ಮೇಲೋ ಜೀನ್ಸಿನ ಮೇಲೋ ಎಗರಿಸಿಕೊಂಡು ಹೋದರೆ ಜಗಳವಾಡಬೇಡಿ. ಅವರಿಗೆ ನಿಮಗಿಂತ ಚೆನ್ನಾಗಿ ಒಪ್ಪುವ ಸಾಧ್ಯತೆಯೇ ಹೆಚ್ಚು.

ಊರಿಗೆ ತಕ್ಕ ಬಟ್ಟೆ

ನಾವು ಚದುರಿರುವ ಊರುಗಳ ಹವೆ ಒಂದೇ ಅಲ್ಲ. ದೆಹಲಿಯವರು ಪುಣ್ಯವಂತರು. ಡಿಸೆಂಬರ್, ಜನವರಿಯಲ್ಲಿ ದಪ್ಪ ಬಟ್ಟೆಯ ಎಂ-65ನ್ನು ಅಸ್ತರಿನ ಸಮೇತ ತೊಡಬಹುದು. ಪುಣೆಯವರು ಚಳಿಗಾಲದ ಬೆಳಗು, ರಾತ್ರಿಗಳಲ್ಲಿ ಅಸ್ತರಿಲ್ಲದ ಫೀಲ್ಡ್ ಜಾಕೆಟ್ಟನ್ನು ಹಾಯಾಗಿ ಹಾಕಬಹುದು. ಮಧ್ಯಾಹ್ನ ಅದು ಕೈಮೇಲೆ ಬರುತ್ತದೆ. ಹೈದರಾಬಾದಿನವರಿಗೂ ಸರಿಸುಮಾರು ಇದೇ ಲೆಕ್ಕ.

ಮುಂಬಯಿ, ಚೆನ್ನೈಗಳ ಮಾತೇ ಬೇರೆ. ಇಲ್ಲಿ ಶತ್ರು ಚಳಿಯಲ್ಲ, ಬೆವರು. ಹಳೆಯ ಸೇನಾ ಜಾಕೆಟ್ಟುಗಳಲ್ಲಿ ಹಲವು ಹತ್ತಿಗೆ ನೈಲಾನು ಬೆರೆಸಿ ಒತ್ತಾಗಿ ನೇಯ್ದವು. ಗಾಳಿಯನ್ನು ತಡೆಯುವುದೇ ಅವುಗಳ ಕೆಲಸ. ನಮಗೆ ಬೇಕಾದದ್ದು ಗಾಳಿ ಆಡುವ ಬಟ್ಟೆ. ಆದ್ದರಿಂದ ಅಸ್ತರಿಲ್ಲದ ತೆಳು ಹತ್ತಿಯದೋ, ಹತ್ತಿ ಮತ್ತು ನಾರು ಬೆರೆತ ಲಿನನ್ನಿನದೋ ಆರಿಸಿ. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬಾಯಿ ಹಚ್ಚಿ ಊದಿ. ಉಸಿರು ಆಚೆ ದಾಟಿದರೆ ಚರ್ಚ್‌ಗೇಟಿನಿಂದ ವಿರಾರಿನ ತನಕ ತೊಡಬಹುದು.

ಮುಂಬಯಿಯ ಫ್ಯಾಷನ್ ಸ್ಟ್ರೀಟು, ದೆಹಲಿಯ ಸರೋಜಿನಿ ನಗರದಂಥ ಕಡೆ ಹುಡುಕಿದರೆ ಕಡಿಮೆ ಬೆಲೆಗೆ ಒಳ್ಳೆಯದೂ ಸಿಗುತ್ತದೆ. ಕೊಳ್ಳುವ ಮೊದಲು ಜಿಪ್ಪನ್ನು ಐದಾರು ಸಲ ಎಳೆದು ನೋಡಿ, ಕಂಕುಳಿನ ಹೊಲಿಗೆ ನೋಡಿ, ಟಿಚ್ ಬಟನ್ನು ಒತ್ತಿ ನೋಡಿ. 'ಒರಿಜಿನಲ್ ಆರ್ಮಿ' ಎಂದು ಮಾರುವವನು ಹೇಳಿದ ಮಾತ್ರಕ್ಕೆ ಹೆಚ್ಚು ಹಣ ಕೊಡಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರಾಗಿರುವುದೆಲ್ಲ ಪಲ್ಟನ್ನಿನದಲ್ಲ. ಒಂದು ವೇಳೆ ಅದು ನಮ್ಮ ಸೇನೆಯದೇ ಆಗಿದ್ದರೆ ಕೊಳ್ಳಬೇಡಿ. ಯಾಕೆಂದು ಈಗ ಹೇಳುತ್ತೇನೆ.

ಹೊಲಿಗೆ ನಮ್ಮದಾಗಲಿ, ಗುರುತು ಅವರದೇ ಇರಲಿ

ಜಾಕೆಟ್ಟಿನ ಹೆಗಲಪಟ್ಟಿ ಇರುವುದೇ ದರ್ಜೆಯ ಗುರುತು ಹಾಕಲು. ಎರಡು ನಕ್ಷತ್ರ ಲೆಫ್ಟಿನೆಂಟ್, ಮೂರು ನಕ್ಷತ್ರ ಕ್ಯಾಪ್ಟನ್. ತೋಳಿನ ಮೇಲೆ ಎರಡು ಪಟ್ಟಿ ನಾಯಕ್, ಮೂರು ಪಟ್ಟಿ ಹವಾಲ್ದಾರ್. ಈ ಒಂದೊಂದು ಗುರುತಿನ ಹಿಂದೆ ಮನೆಬಿಟ್ಟ ವರ್ಷಗಳಿವೆ. ಅಂಗಡಿಯಲ್ಲಿ ಅದು ಹಿತ್ತಾಳೆಯ ಚೂರು, ಡಜನ್ನಿನ ಲೆಕ್ಕದಲ್ಲಿ ಸಿಗುತ್ತದೆ. ಆದರೆ ನಮ್ಮ ಸುಬೇದಾರರು ಎದ್ದು ನಿಂತದ್ದು ಹಿತ್ತಾಳೆಯನ್ನು ಕಂಡಲ್ಲ.

ಕಾನೂನು ಏನೆನ್ನುತ್ತದೆ ಎಂಬುದೂ ತಿಳಿದಿರಲಿ. ಸೈನಿಕನಲ್ಲದವನು ತನ್ನನ್ನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕನ ಉಡುಪನ್ನೋ ಗುರುತನ್ನೋ ಧರಿಸುವುದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 168ನೆಯ ಕಲಮಿನ ಪ್ರಕಾರ ಮೂರು ತಿಂಗಳ ತನಕ ಸೆರೆ, ಅಥವಾ ಎರಡು ಸಾವಿರ ರೂಪಾಯಿಯ ತನಕ ದಂಡ, ಅಥವಾ ಎರಡೂ. ಸಾದಾ ಹಸಿರು ಜಾಕೆಟ್ಟು ಹಾಕಿ ಕಾಲೇಜಿಗೆ ಹೋಗುವವನಿಗೆ ಇದರ ಭಯ ಬೇಡ. ಅವನು ಯಾರನ್ನೂ ನಂಬಿಸಲು ಹೊರಟಿಲ್ಲ. ಆದರೆ ಚಕ್ಕೆಚಕ್ಕೆ ಬಣ್ಣದ, ನಮ್ಮ ಸೇನೆ ಯುದ್ಧಭೂಮಿಯಲ್ಲಿ ತೊಡುವ ಮಾದರಿಯನ್ನೇ ತೊಟ್ಟು ದಂಡು ಪ್ರದೇಶದ ಗೇಟಿನ ಮುಂದೆಯೋ ವಿಮಾನ ನಿಲ್ದಾಣದಲ್ಲೋ ನಿಂತರೆ, ನಿಮ್ಮ ಉದ್ದೇಶ ಏನೆಂದು ಕಾವಲಿನವರಿಗೆ ಹೇಗೆ ತಿಳಿಯಬೇಕು?

ಇದು ಬರೀ ಕಲ್ಪನೆಯ ಮಾತಲ್ಲ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದ ಉಗ್ರರು ಸೇನೆಯ ಮಾದರಿಯ ಉಡುಪಿನಲ್ಲಿದ್ದರು. ಅದಾದ ಮೇಲೆ ಸೇನೆಯ ಮಾದರಿಯ ಬಟ್ಟೆ ಮಾರಬೇಡಿ, ತೊಡಬೇಡಿ ಎಂದು ಸೇನೆಯೇ ಅಂಗಡಿಯವರನ್ನೂ ಜನರನ್ನೂ ಕೇಳಿಕೊಂಡಿತು. 2022ರ ಜನವರಿ 15ರ ಸೇನಾ ದಿನದಂದು ದೆಹಲಿಯ ಕಾರಿಯಪ್ಪ ಪೆರೇಡ್ ಮೈದಾನದಲ್ಲಿ ಹೊಸ ಯುದ್ಧ ಉಡುಪನ್ನು ಪ್ರದರ್ಶಿಸಲಾಯಿತು. ಅದರ ವಿನ್ಯಾಸದ ಹಕ್ಕನ್ನು ಸೇನೆ ತನ್ನ ಹೆಸರಿಗೇ ನೋಂದಾಯಿಸಿಕೊಂಡಿದೆ. ಆ ಸಣ್ಣ ಸಣ್ಣ ಚೌಕಗಳ ಮಾದರಿಯನ್ನು ಯಾರು ಮಾರಿದರೂ ಕೊಳ್ಳಬೇಡಿ. ಕ್ರಿಕೆಟ್ ನೋಡಲು ವೆಸ್ಟ್ ಇಂಡೀಸಿಗೆ ಹೋಗುವ ಭಾಗ್ಯ ನಿಮ್ಮದಾದರೆ ಇನ್ನೊಂದು ಮಾತು: ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್‌ಗಳಲ್ಲಿ ಸೈನಿಕರಲ್ಲದವರು ಆ ಬಗೆಯ ಚಕ್ಕೆಬಣ್ಣದ ಬಟ್ಟೆ ತೊಡುವುದಕ್ಕೇ ನಿಷೇಧವಿದೆ. ಮಗುವಿನ ಚಡ್ಡಿಯಾದರೂ ಪೆಟ್ಟಿಗೆಗೆ ಹಾಕಬೇಡಿ.

ಕಾರಿಯಪ್ಪನವರ ಹೆಸರು ಬಂತಲ್ಲ. ಜನವರಿ 15 ಸೇನಾ ದಿನವಾದದ್ದು ಹೇಗೆಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1949ರ ಆ ದಿನ ಕೊಡಗಿನ ಕೆ. ಎಂ. ಕಾರಿಯಪ್ಪನವರು ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡರು. ಮುಂದೆ 1957ರಲ್ಲಿ ಅದೇ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾದರು. ಇವು ದೊಡ್ಡವರ ಹೆಸರು. ಇನ್ನೊಂದು ಹೆಸರೂ ನಿಮಗೆ ನೆನಪಿರಲಿ. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರನೆಯ ದಿನ ಹಿಮ ಕೊರೆದು ನೋಡಿದಾಗ ಒಬ್ಬರಲ್ಲಿ ಇನ್ನೂ ಉಸಿರಿತ್ತು. ಅವರು ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಅವರು ತೀರಿಕೊಂಡರು.

ಅಂಥವರ ಮೈಮೇಲಿದ್ದ ಗುರುತನ್ನು ನಾವು ಸಿನಿಮಾಕ್ಕೆ ಹೋಗುವಾಗ ಹಾಕಿಕೊಳ್ಳುವುದು ಬೇಡ. ಕಾಲರು, ಜೇಬು, ಲಾಡಿ, ಆ ಹಸಿರು ಬಣ್ಣ, ಇವೆಲ್ಲ ಎಲ್ಲರ ಸೊತ್ತು. ನಕ್ಷತ್ರ, ಪಟ್ಟಿ, ರೆಜಿಮೆಂಟಿನ ಲಾಂಛನ, ಪದಕದ ರಿಬ್ಬನ್ನು, ಎದೆಯ ಮೇಲಿನ ಹೆಸರಿನ ಪಟ್ಟಿ, ಇವು ಗಳಿಸಿದವರ ಸೊತ್ತು. ಇಷ್ಟು ಗೆರೆ ಎಳೆದುಕೊಂಡರೆ ಸಾಕು.

ಮನೆಯ ಟ್ರಂಕಿನಲ್ಲಿರುವ ಜಾಕೆಟ್ಟು

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಅಜ್ಜನದೋ ದೊಡ್ಡಪ್ಪನದೋ ನಿಜವಾದ ಜಾಕೆಟ್ಟು ಟ್ರಂಕಿನಲ್ಲಿ ಇರಬಹುದು. ಅದನ್ನು ತೊಡುವ ಆಸೆ ಸಹಜ. ಮೊದಲು ಮನೆಯವರ ಅಪ್ಪಣೆ ಕೇಳಿ. ಅವರು ಬದುಕಿದ್ದರೆ ಅವರ ಹತ್ತಿರವೇ ಕುಳಿತು ಪ್ರತಿ ಗುರುತೂ ಏನೆಂದು ಕೇಳಿ ಬರೆದಿಟ್ಟುಕೊಳ್ಳಿ. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಬರುವ ಲಿಪಿಯಲ್ಲೇ ಬರೆಯಿರಿ. ಬರೆಯುವುದು ಮುಖ್ಯ. ಆಮೇಲೆ ಸಣ್ಣ ಕತ್ತರಿಯಿಂದ ಒಂದೊಂದೇ ದಾರ ಬಿಡಿಸಿ ಗುರುತುಗಳನ್ನು ತೆಗೆದು ಪೆಟ್ಟಿಗೆಯಲ್ಲಿಡಿ. ಎಳೆದು ಕೀಳಬೇಡಿ, ಬಟ್ಟೆ ಹರಿಯುತ್ತದೆ. ಅದು ಚಕ್ಕೆಬಣ್ಣದ ಯುದ್ಧ ಉಡುಪಾದರೆ ತೊಡುವ ಯೋಚನೆ ಬಿಟ್ಟು ಹಾಗೆಯೇ ಮಡಚಿ ಕಾಪಾಡಿ.

ನೋಡಿಕೊಳ್ಳುವುದು ಕಷ್ಟವೇನಲ್ಲ. ಒಳಗು ಹೊರಗು ಮಾಡಿ ತಣ್ಣೀರಿನಲ್ಲಿ ಒಗೆಯಿರಿ, ನೆರಳಿನಲ್ಲಿ ಒಣಗಿಸಿ. ಬಿಸಿಲು ಆ ಹಸಿರನ್ನು ಬೇಗ ತಿಂದುಬಿಡುತ್ತದೆ. ಜಿಪ್ಪು ಬಿಗಿಯಾದರೆ ಮೇಣದ ಬತ್ತಿಯನ್ನು ಅದರ ಹಲ್ಲಿನ ಮೇಲೆ ಉಜ್ಜಿ. ಮುಂಬಯಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಎರಡು ವಾರಕ್ಕೊಮ್ಮೆ ಹೊರಗೆ ತೆಗೆದು ಗಾಳಿಗೆ ಹರವಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಒಣಗಿದ ಬೇವಿನೆಲೆಯನ್ನು ಹತ್ತಿಬಟ್ಟೆಯಲ್ಲಿ ಕಟ್ಟಿ ಜೇಬಿನಲ್ಲಿಟ್ಟರೆ ಹುಳ ಬರುವುದಿಲ್ಲವೆಂದು ನಮ್ಮ ಅಮ್ಮ ಹೇಳುತ್ತಿದ್ದಳು. ನಾನು ಇಂದಿಗೂ ಹಾಗೆಯೇ ಮಾಡುತ್ತೇನೆ.

ಕೊನೆಗೆ, ಆ ಹುಡುಗನ ಸಂಗತಿ. ವಾರ್ಷಿಕೋತ್ಸವ ಕಳೆದ ಎರಡನೆಯ ಭಾನುವಾರ ಅವನು ಸುಬೇದಾರರ ವಿಳಾಸ ಕೇಳಿಕೊಂಡು ಅವರ ಮನೆಗೆ ಹೋದ. ಕೈಯಲ್ಲಿ ಅದೇ ಜಾಕೆಟ್ಟು. "ಅಜ್ಜಾ, ಈ ನಕ್ಷತ್ರ ತೆಗೆಯೋದು ಹೇಗೆ ಹೇಳಿಕೊಡಿ" ಎಂದನಂತೆ. ಅವರು ಕನ್ನಡಕ ಹಾಕಿಕೊಂಡು, ಸೊಸೆಯ ಹೊಲಿಗೆ ಡಬ್ಬಿಯಿಂದ ಕತ್ತರಿ ತರಿಸಿ, ತಾವೇ ಬಿಡಿಸಿ ಕೊಟ್ಟರಂತೆ. ಆಮೇಲೆ ಒಂದು ಲೋಟ ಚಹಾ, ಎರಡು ತಾಸು ಹರಟೆ. ಬೆಳಗಾವಿಯ ರೆಜಿಮೆಂಟಲ್ ಸೆಂಟರಿನಲ್ಲಿ ರಂಗರೂಟನಾಗಿ ಮೊದಲ ದಿನ ಸಿಕ್ಕ ಬೂಟು ಎರಡು ಅಳತೆ ದೊಡ್ಡದಾಗಿತ್ತೆಂದೂ, ಮೂಗು ಮುರಿಯದೆ ಅದರೊಳಗೆ ಬಟ್ಟೆ ತುರುಕಿ ಓಡಿದೆನೆಂದೂ ಅವರು ಹೇಳಿದ್ದನ್ನು ಹುಡುಗ ನನಗೆ ಹೇಳಿದ. ಅವರ ಧಾಟಿಯಲ್ಲೇ, ಬೆಳಗಾವಿಯ ಕನ್ನಡದಲ್ಲೇ ಹೇಳಲು ನೋಡಿದ. ಮನೆಯಲ್ಲಿ ಕೇಳದ ಕನ್ನಡ ಅದು. ಅರ್ಧ ತಪ್ಪಿತ್ತು, ಕೇಳಲು ಸೊಗಸಾಗಿತ್ತು.

ಈಚೆಗೆ ಸಂಘದ ಗ್ರಂಥಾಲಯಕ್ಕೆ ಬಂದಾಗ ಅವನು ಅದೇ ಜಾಕೆಟ್ಟು ತೊಟ್ಟಿದ್ದ. ಒಳಗೆ ಬಿಳಿ ಟೀ ಶರ್ಟು, ಕೆಳಗೆ ನೀಲಿ ಜೀನ್ಸು. ಹೆಗಲಪಟ್ಟಿಯ ಮೇಲೆ ನಕ್ಷತ್ರವಿದ್ದ ಜಾಗದಲ್ಲಿ ಸೂಜಿ ಹಾದ ಸಣ್ಣ ತೂತುಗಳು ಮಾತ್ರ ಉಳಿದಿದ್ದವು. ಪತ್ರಿಕೆ ಓದುತ್ತಿದ್ದ ಸುಬೇದಾರರು ತಲೆಯೆತ್ತಿ ಅವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು. ಈ ಸಲ ಎದ್ದು ನಿಲ್ಲಲಿಲ್ಲ.

"ಈಗ ಚಂದ ಕಾಣ್ತಿ ನೋಡು ತಮ್ಮಾ" ಎಂದು ಪಕ್ಕದ ಕುರ್ಚಿಯನ್ನು ಅವನ ಕಡೆಗೆ ಸರಿಸಿದರು.